ಸೊಲ್ಲು ಹಿಡಿಯುವವರ ಸಾಲಿನಲ್ಲಿ ಕೂತುಕೋ

ತಂಗೀ,

ಹೌಸ್ ಸರ್ಜನ್ ಆದ ಮೇಲೆ ನೀನು ಹಾರ್ಮೋನಿಯಂ ಪೇಟಿ ಮುಟ್ಟಿಲ್ಲವೆಂದು ನಿಮ್ಮಪ್ಪ ಹೇಳಿದರು. ಕುಷ್ಟಗಿಯ ಮನೆಯಲ್ಲಿ ಅದಕ್ಕೆ ಹಳೆಯ ಕೌದಿ ಹೊದಿಸಿ ಮಂಚದ ಕೆಳಗೆ ಸರಿಸಿದ್ದಾರಂತೆ. "ಪಿಜಿ ಮುಗೀಲಿ ಬಿಡ್ರಿ ಡಾಕ್ಟ್ರ, ಆಮ್ಯಾಲೆ ನುಡಸ್ತಾಳ" ಎಂದು ನಿನ್ನ ಪರವಾಗಿ ಅವರೇ ವಕಾಲತ್ತು ಮಾಡಿದರು. ಅವರೆದುರು ಸುಮ್ಮನಿದ್ದೆ. ಆದರೆ ಆ ಮಾತು ಮನಸ್ಸು ಬಿಟ್ಟು ಹೋಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪಿಜಿ ಮುಗಿದ ಮೇಲೆ ಎನ್ನುವ ಮಾತನ್ನು ನಂಬಬೇಡ. ಐದೂವರೆ ವರ್ಷದ ಎಂಬಿಬಿಎಸ್ ಮುಗಿಯುವಷ್ಟರಲ್ಲಿ ನೀಟ್ ಪಿಜಿ ಬಂದು ನಿಲ್ಲುತ್ತದೆ. ಅದು ದಾಟಿದರೆ ಮೂರು ವರ್ಷದ ರೆಸಿಡೆನ್ಸಿ. ಆಮೇಲೆ ಸೂಪರ್ ಸ್ಪೆಷಾಲಿಟಿಯ ಆಸೆ, ನಡುವೆ ಮದುವೆ, ಮಕ್ಕಳು, ಸ್ವಂತ ಆಸ್ಪತ್ರೆ ಕಟ್ಟಿದರೆ ಬ್ಯಾಂಕಿನ ಕಂತು. ನಮ್ಮ ಕಸುಬಿನಲ್ಲಿ ಬಿಡುವು ತಾನಾಗಿ ನಡೆದು ಬಂದದ್ದನ್ನು ನಾನು ಕಂಡಿಲ್ಲ. ಓದುವಾಗ ಚೆಂದ ಹಾಡುತ್ತಿದ್ದ ನನ್ನ ಸಹಪಾಠಿಗಳು ಕೆಲವರು ಐವತ್ತು ದಾಟಿದ ಮೇಲೆ ಪೇಟಿಯ ಧೂಳು ಒರೆಸಿದರು. ಬೆರಳು ಬಗ್ಗಲು ಕೆಲವು ತಿಂಗಳು ಹಿಡಿಯಿತು, ಬಗ್ಗಿದವು. ಜೊತೆಗೆ ಕೂರುವ ಜನ ಮಾತ್ರ ಸಿಗಲಿಲ್ಲ. ಇಪ್ಪತ್ತೈದರಲ್ಲಿ ಜೊತೆಯಾದವರು ಅರವತ್ತರಲ್ಲೂ ನಿನ್ನ ಶ್ರುತಿ ಕೇಳದೆ ಪೇಟಿ ಹಿಡಿಯುತ್ತಾರೆ. ಅರವತ್ತರಲ್ಲಿ ಹುಡುಕಲು ಹೊರಟವರಿಗೆ ಡಾಕ್ಟರ್ ಸಾಹೇಬರಿಗಾಗಿ ಜಾಗ ಬಿಟ್ಟು ಕೂರುವವರು ಸಿಗುತ್ತಾರೆ, ಅಷ್ಟೇ.

ಒಬ್ಬಳೇ ಕೂತು ರಿಯಾಜ್ ಮಾಡು ಎಂದು ನಾನು ಹೇಳುತ್ತಿಲ್ಲ. ಒಂದು ಭಜನಿ ಮ್ಯಾಳ ಹಿಡಿ ಎನ್ನುತ್ತೇನೆ. ಈಗಲೇ ಹಿಡಿ. ಅದರಲ್ಲಿ ಮುಂದೆ ಕೂರಬೇಡ, ಮುಂದಿನವರು ಹೇಳಿದ್ದನ್ನು ಹಿಂದಿನಿಂದ ಮರಳಿ ಹಾಡುವ, ಸೊಲ್ಲು ಹಿಡಿಯುವವರ ಸಾಲಿನಲ್ಲಿ ಕೂತುಕೋ.

ನಮ್ಮ ಕಾಲದಲ್ಲಿ ಇದು ಸುಲಭವಿರಲಿಲ್ಲ. ಡಾಕ್ಟರಾಗಬೇಕೆಂದರೆ ಊರು ಬಿಡಬೇಕಿತ್ತು. ನಾನು ಹೋದದ್ದು 1961ರಲ್ಲಿ ಶುರುವಾದ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜಿಗೆ, ಇನ್ನು ಕೆಲವರು ಹೋದದ್ದು ಹುಬ್ಬಳ್ಳಿಗೆ. ಆಗ ಕೊಪ್ಪಳವೆಂಬ ಜಿಲ್ಲೆಯೇ ಇರಲಿಲ್ಲ. 1997ರವರೆಗೂ ನಾವು ರಾಯಚೂರಿನವರು. ನಿನಗೆ ಹಾಗಲ್ಲ. 2015ರಿಂದ ಕೊಪ್ಪಳದಲ್ಲೇ ಮೆಡಿಕಲ್ ಕಾಲೇಜಿದೆ, ಅಪ್ಪನ ಮನೆಯಿಂದ ಬುತ್ತಿ ಬರುವಷ್ಟು ಹತ್ತಿರ. ನಿನ್ನ ವಾರ್ಡಿನಲ್ಲಿ ಮಲಗಿರುವವರು ಯಲಬುರ್ಗಾ, ಕುಕನೂರು, ಕನಕಗಿರಿಯವರು. ಅಮಾವಾಸ್ಯೆಯ ರಾತ್ರಿ ಗುಡಿಕಟ್ಟೆಯ ಮೇಲೆ ಹಾಡುವವರೂ ಅವರೇ. ಓದಿದ ಊರು, ಹಾಡಿದ ಊರು, ಸೇವೆ ಮಾಡುವ ಊರು ಮೂರೂ ಒಂದೇ ಆಗುವುದು ಎಲ್ಲರಿಗೂ ಒದಗುವ ಭಾಗ್ಯವಲ್ಲ.

ಮೇಳವೇ ಯಾಕೆ ಎಂದು ನೀನು ಕೇಳಬಹುದು. ನಿನಗೆ ಪೇಟಿ ಕಲಿಸಿದ ಮಾಸ್ತರರು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಗರಡಿಯವರು. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಆಶ್ರಮ ನಡೆಸಿದರು. ಗುರು ಶಿಷ್ಯ ಇಬ್ಬರಿಗೂ ಕಣ್ಣಿರಲಿಲ್ಲ. ಮಕ್ಕಳಿಗೆ ಅನ್ನ ಹಾಕಲು ಪುಟ್ಟರಾಜರು ನಾಟಕ ಕಂಪನಿಯನ್ನೇ ಕಟ್ಟಿದರು. ಅಲ್ಲಿ ಕಲಿತ ಗವಾಯಿಗಳೇ ಇವತ್ತಿಗೂ ಶ್ರಾವಣ ಬಂತೆಂದರೆ ನಮ್ಮ ಹಳ್ಳಿಗಳ ಪುರಾಣಕ್ಕೆ ಬಂದು ತಿಂಗಳುಗಟ್ಟಲೆ ಹಾಡುತ್ತಾರೆ. ಆ ಗರಡಿಯ ಶಿಸ್ತು ನಿನಗೆ ಗೊತ್ತಿದೆ: ಬೆಳಗಿನ ಖರ್ಜ, ತಾಸುಗಟ್ಟಲೆ ಪಲ್ಟಾ, ಒಂದು ದಿನ ತಪ್ಪಿದರೂ ಗುರುವಿಗೆ ಗೊತ್ತಾಗುವ ಗಂಟಲು. ಒಬ್ಬರೇ ಕೂತು ಹಾಡುವ ಸಂಗೀತ ಕೇಳುವುದು ಇದನ್ನು. ಲೇಬರ್ ವಾರ್ಡಿನಲ್ಲಿ ಮೂವತ್ತಾರು ತಾಸು ನಿಂತವಳು ಅದನ್ನು ಕೊಡಲಾರಳು. ಕೊಡಲಾಗದ್ದಕ್ಕೆ ಮನಸ್ಸು ಕೆಡಿಸಿಕೊಂಡು ಪೇಟಿಯನ್ನೇ ಮಂಚದ ಕೆಳಗೆ ತಳ್ಳುತ್ತಾಳೆ. ನೀನು ಮಾಡಿರುವುದೂ ಅದೇ ಎಂದು ನನ್ನ ಅನಿಸಿಕೆ.

ಮೇಳ ಹಾಗಲ್ಲ. ನೀನು ಎದ್ದು ಹೋದರೂ ಪದ ನಿಲ್ಲುವುದಿಲ್ಲ. ನಿನ್ನ ಕೈಯ ತಾಳವನ್ನು ಪಕ್ಕದವರು ತಗೊಳ್ಳುತ್ತಾರೆ. ಹೆರಿಗೆ ಮುಗಿಸಿ ಎರಡು ತಾಸಿನ ಮೇಲೆ ಮರಳಿ ಬಂದರೆ ಅದೇ ತಾಳ ಕೈಗೆ ಕೊಟ್ಟು ಮುಂದಿನ ನುಡಿಗೆ ಹೋಗುತ್ತಾರೆ. ಎಲ್ಲಿಗೆ ಹೋಗಿದ್ದೆ, ಯಾಕೆ ತಡವಾಯಿತು ಎಂದು ಯಾರೂ ಕೇಳುವುದಿಲ್ಲ. ವೈದ್ಯರ ಬದುಕನ್ನು ತಾಳಿಕೊಳ್ಳುವ ಸಂಗೀತ ನನಗೆ ಗೊತ್ತಿರುವಂತೆ ಇದೊಂದೇ.

ಇದಕ್ಕೆ ಒಪ್ಪದವರು ಕರ್ನೂಲಿನ ಡಾ. ಶ್ರೀಪಾದ ಪಿನಾಕಪಾಣಿಯವರ ಹೆಸರು ಹೇಳುತ್ತಾರೆ, ಹೇಳಲೇಬೇಕಾದ ಹೆಸರು. ನಮ್ಮ ಮುನಿರಾಬಾದಿನ ಅಣೆಕಟ್ಟು ದಾಟಿ ಕೆಳಗೆ ಹರಿದ ತುಂಗಭದ್ರೆಯ ದಂಡೆಯ ಮೇಲೇ ಕರ್ನೂಲಿದೆ. ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಅವರು ಜನರಲ್ ಮೆಡಿಸಿನ್ ಪ್ರಾಧ್ಯಾಪಕರಾಗಿದ್ದರು. ಹಗಲು ರೋಗಿಗಳು, ವಿದ್ಯಾರ್ಥಿಗಳು. ಉಳಿದ ಹೊತ್ತೆಲ್ಲ ಕರ್ನಾಟಕ ಸಂಗೀತ. 1983ರಲ್ಲಿ ಸಂಗೀತ ಕಲಾನಿಧಿ, ಮರುವರ್ಷ ಪದ್ಮಭೂಷಣ. 1913ರಲ್ಲಿ ಹುಟ್ಟಿ 2013ರವರೆಗೆ ಬದುಕಿದರು. ಒಂಟಿಯಾಗಿಯೇ ಎರಡನ್ನೂ ತುದಿ ಮುಟ್ಟಿಸಿದರಲ್ಲ ಎಂದು ನೀನು ಅನ್ನಬಹುದು. ಸ್ವಲ್ಪ ಹತ್ತಿರದಿಂದ ನೋಡು. ಅವರ ಹೆಸರು ಉಳಿದಿರುವುದು ಅವರ ಕಛೇರಿಗಳಿಗಿಂತ ಹೆಚ್ಚಾಗಿ ಅವರ ಶಿಷ್ಯರಿಂದ: ನೇದುನೂರಿ ಕೃಷ್ಣಮೂರ್ತಿ, ವೋಲೇಟಿ ವೆಂಕಟೇಶ್ವರಲು, ನೂಕಲ ಚಿನ್ನಸತ್ಯನಾರಾಯಣ. ಇನ್ನೊಬ್ಬರ ಗಂಟಲಲ್ಲಿ ತಮ್ಮ ಹಾಡು ಇರಿಸಿದ ವೈದ್ಯರು ಅವರು. ಅಷ್ಟು ದೊಡ್ಡ ವಿದ್ವತ್ತು ನಿನಗೂ ನನಗೂ ಇಲ್ಲ, ಇರಬೇಕೆಂದೂ ಇಲ್ಲ. ಆದರೆ ನಾಲ್ಕು ಜನರ ನಡುವೆ ಹಾಡನ್ನು ಇಟ್ಟು ಕಾಯುವ ದಾರಿ ನಮಗೂ ತೆರೆದಿದೆ.

ಇನ್ನು ಸೊಲ್ಲು ಹಿಡಿಯುವವರ ಸಾಲು. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಿಳಿ ಕೋಟು ಹಾಕಿದ ದಿನದಿಂದ ನಿನ್ನ ಮಾತಿಗೆ ಎದುರು ಮಾತಿಲ್ಲ. ಅಜ್ಜನ ವಯಸ್ಸಿನವರು ಎದ್ದು ನಿಲ್ಲುತ್ತಾರೆ, ನೀನು ಬರೆದ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಾರೆ. ಇಪ್ಪತ್ತನಾಲ್ಕು ವರ್ಷದವಳಿಗೆ ಇದು ಒಳ್ಳೆಯದಲ್ಲ. ವಾರಕ್ಕೊಮ್ಮೆಯಾದರೂ ಇನ್ನೊಬ್ಬರು ಎತ್ತಿದ ಪದಕ್ಕೆ, ಇನ್ನೊಬ್ಬರು ಇಟ್ಟ ಶ್ರುತಿಗೆ, ಇನ್ನೊಬ್ಬರು ಹಿಡಿದ ಲಯಕ್ಕೆ ನಿನ್ನ ದನಿ ಹೊಂದಿಸುವ ಜಾಗವೊಂದು ಬೇಕು. ನಮ್ಮ ಕಡೆಯ ಮೇಳದಲ್ಲಿ ಪದ ಹೇಳುವವರು ಹಮಾಲಿ ಮಾಡುವವರಿರಬಹುದು, ತಬಲಾದವರು ಬಡಿಗೇರರಿರಬಹುದು, ಪೇಟಿಯವರು ಕುರಿ ಕಾಯುವವರಿರಬಹುದು. ತತ್ವಪದ ಅವರ ಬಾಯಲ್ಲಿ ನೂರಾರು ಇರುತ್ತವೆ, ಒಂದಕ್ಕೂ ಪುಸ್ತಕ ತೆರೆಯುವುದಿಲ್ಲ. ಅವರು ಶ್ರುತಿ ಕಪ್ಪು ಎರಡಕ್ಕೆ ಹಿಡಿದರೆ ನಿನ್ನದೂ ಕಪ್ಪು ಎರಡು. ಗಂಟಲಿಗೆ ಎತ್ತರವಾಯಿತೆಂದರೆ ಕೆಳಗಿನ ಸ್ಥಾಯಿಯಲ್ಲಿ ಸೇರಿಕೋ. ಅಲ್ಲಿ ನಿನ್ನ ಡಿಗ್ರಿಗೆ ಕೆಲಸವಿಲ್ಲ, ಕಿವಿಗೆ ಕೆಲಸವಿದೆ.

ಆ ಕಿವಿಯ ಕೆಲಸ ಆಸ್ಪತ್ರೆಗೂ ಬರುತ್ತದೆ. ಎದೆಯನ್ನು ಬೆರಳಿನಿಂದ ತಟ್ಟಿ ನೋಡುವುದನ್ನು ನಿನಗೆ ಎಂಬಿಬಿಎಸ್‌ನಲ್ಲೇ ಕಲಿಸಿರುತ್ತಾರೆ. ಎಡಗೈಯ ನಡುಬೆರಳನ್ನು ಪಕ್ಕೆಲುಬುಗಳ ಸಂದಿಗೆ ಒತ್ತಿ ಇಟ್ಟು, ಬಲಗೈಯ ನಡುಬೆರಳನ್ನು ಮಣಿಕಟ್ಟಿನಿಂದ ಬೀಸಿ ಹೊಡೆದು ತಕ್ಷಣ ಎತ್ತಬೇಕು. ಎತ್ತುವುದು ತಡವಾದರೆ ದನಿ ಸಾಯುತ್ತದೆ. ತಬಲಾ ಕಲಿತವರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ. ಗಾಳಿ ತುಂಬಿದ ಪುಪ್ಪುಸದ ತೆರೆದ ನಾದ, ಯಕೃತ್ತಿನ ಮೇಲಿನ ಮಂದ ನಾದ, ನೀರು ತುಂಬಿದ ಎದೆಯ ಕಲ್ಲಿನಂಥ ದನಿ — ಈ ಮೂರರ ಅಂತರ ಪುಸ್ತಕದಿಂದ ಬರುವುದಿಲ್ಲ. ಈ ವಿಧಾನವನ್ನು 1761ರಲ್ಲಿ ವಿಯೆನ್ನಾದಲ್ಲಿ ಮೊದಲು ಬರೆದು ಪ್ರಕಟಿಸಿದ ಲಿಯೋಪೋಲ್ಡ್ ಔಎನ್‌ಬ್ರುಗ್ಗರ್ ಸಂಗೀತ ಬಲ್ಲವರು. ಸಾಲಿಯೇರಿ ಎಂಬ ಸಂಗೀತಗಾರರ ಒಂದು ಗೀತನಾಟಕಕ್ಕೆ ಸಾಹಿತ್ಯ ಬರೆದುಕೊಟ್ಟವರು. 1816ರಲ್ಲಿ ಪ್ಯಾರಿಸಿನಲ್ಲಿ ಕಾಗದ ಸುತ್ತಿ ಕೊಳವೆ ಮಾಡಿ ರೋಗಿಯ ಎದೆಗಿಟ್ಟು ಕೇಳಿದ, ಆಮೇಲೆ ಕಟ್ಟಿಗೆಯ ಸ್ಟೆತಾಸ್ಕೋಪು ಕಡೆದ ಲೆನೆಕ್ ಕೊಳಲು ನುಡಿಸುತ್ತಿದ್ದರು. ಇಬ್ಬರೂ ಸಂಗೀತ ಬಲ್ಲವರಾಗಿದ್ದದ್ದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ. ಈಗ ಎಕೋ ಇದೆ, ಸಿಟಿ ಇದೆ ನಿಜ. ಆದರೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಟೇಬಲ್ಲಿನ ಮೇಲೆ ಇರುವುದು ಸ್ಟೆತಾಸ್ಕೋಪೇ. ಬಡ ಮನೆಯ ಹುಡುಗಿಯ ಹೃದಯದ ಕವಾಟ ಕಿರಿದಾಗಿದೆ ಎಂದು ಹೇಳುವ ಆ ತೀರ ಕೆಳಸ್ಥಾಯಿಯ ಗುಡುಗುಡು ದನಿ, ಅವಳನ್ನು ಎಡ ಮಗ್ಗುಲಿಗೆ ಹೊರಳಿಸಿ ಸ್ಟೆತಾಸ್ಕೋಪಿನ ಬೆಲ್ ಹಗುರಾಗಿ ಇಟ್ಟರೆ ಮಾತ್ರ ಕೇಳಿಸುವಂಥದ್ದು. ತಂಬೂರಿಯ ಖರ್ಜ ಕೇಳಿ ಪಳಗಿದ ಕಿವಿ ಅದನ್ನು ಬೇಗ ಹಿಡಿಯುತ್ತದೆ.

ಒಂದು ಸಂಗತಿ ಹೇಳುತ್ತೇನೆ, ಊರು ಹೆಸರು ಬೇಡ. ಯಲಬುರ್ಗಾ ಕಡೆಯ ಒಂದು ಮೇಳದಲ್ಲಿ ತಬಲಾದವರೊಬ್ಬರಿದ್ದರು, ಅರವತ್ತರ ಹತ್ತಿರದವರು. ಎಡಭುಜ ನೋವೆಂದು ವರ್ಷಗಟ್ಟಲೆ ಅಲ್ಲಿ ಇಲ್ಲಿ ತೋರಿಸಿದ್ದರು. ಭುಜ ಬಿಗಿದಿದೆ ಎಂದು ಎಣ್ಣೆ, ಶಾಖ, ಮಾತ್ರೆ ಎಲ್ಲ ಆಗಿತ್ತು. ಒಂದು ಅಮಾವಾಸ್ಯೆಯ ಭಜನೆಯಲ್ಲಿ ನನ್ನ ಪಕ್ಕ ಸೊಲ್ಲು ಹಿಡಿಯುತ್ತಿದ್ದ ಹಿರಿಯರು ಕಿವಿಯ ಹತ್ತಿರ ಬಗ್ಗಿ, "ಅವನ ಡಗ್ಗಾ ಸಣ್ಣಾಗೇದ ನೋಡ್ರಿ" ಎಂದರು. ಲಕ್ಷ್ಯ ಕೊಟ್ಟು ಕೇಳಿದೆ. ಪದದ ಮೊದಲ ನುಡಿಯಲ್ಲಿ ಎಡಗೈಯ ಡಗ್ಗಾದ ಗುಮ್ಮು ತುಂಬಿ ಬರುತ್ತಿತ್ತು. ಎರಡನೆಯ ನುಡಿಗೆ ಅರ್ಧ. ಮೂರನೆಯದಕ್ಕೆ ಬೆರಳು ಚರ್ಮದ ಮೇಲೆ ಆಡುತ್ತಿದ್ದವು, ದನಿ ಏಳುತ್ತಿರಲಿಲ್ಲ. ಬಲಗೈ ಮಾತ್ರ ಮೊದಲಿನಂತೆಯೇ ಇತ್ತು. ಪದ ಮುಗಿದು ಹೊಸ ಪದ ಶುರುವಾದರೆ ಎಡಗೈ ಮತ್ತೆ ತುಂಬಿ ಬಂದು, ಮತ್ತೆ ಸಣ್ಣಗಾಗುವುದು. ಹೆಬ್ಬೆರಳಿಗೆ ತೋರುಬೆರಳನ್ನು ಮೇಲಿಂದ ಮೇಲೆ ಬಡಿಯಲು ಹೇಳಿ, ಆ ಬಡಿತ ಕ್ರಮೇಣ ಕಿರಿದಾಗುತ್ತದೆಯೇ ಎಂದು ನರರೋಗ ತಜ್ಞರು ನೋಡುತ್ತಾರಲ್ಲ, ಆ ಪರೀಕ್ಷೆಯನ್ನು ಈ ಮನುಷ್ಯ ಪ್ರತಿ ಅಮಾವಾಸ್ಯೆ ರಾತ್ರಿಯಿಡೀ ಕೊಡುತ್ತಿದ್ದರು. ಭುಜದ ರೋಗವಲ್ಲ, ಪಾರ್ಕಿನ್ಸನ್ಸ್. ಅದು ಒಂದು ಮಗ್ಗುಲಿನಿಂದ ಶುರುವಾಗುವುದು, ಮೊದಲು ಭುಜದ ಬಿಗಿತವಾಗಿ ಕಾಣಿಸಿಕೊಳ್ಳುವುದು ಎಲ್ಲ ನೀನು ಓದಿದ್ದೀ. ಲೆವೊಡೋಪಾ ಮಾತ್ರೆ ಶುರುವಾದ ಮೇಲೆ ಡಗ್ಗಾ ಎಷ್ಟೋ ಮರಳಿತು. ಇದರಲ್ಲಿ ನನ್ನ ಜಾಣತನ ಸ್ವಲ್ಪವೇ. ಮೊದಲು ಹಿಡಿದದ್ದು ಅಕ್ಷರ ಬಾರದ ಆ ಹಿರಿಯರ ಕಿವಿ. ಅವರ ಪಕ್ಕದಲ್ಲಿ ಕೂತಿರದಿದ್ದರೆ ಆ ಮಾತು ನನ್ನತನಕ ಬರುತ್ತಿರಲಿಲ್ಲ. ಓಪಿಡಿಯಲ್ಲಿ ಚೀಟಿ ಹಿಡಿದು ಬಂದು ಡಗ್ಗಾ ಸಣ್ಣಗಾಗಿದೆ ಎಂದು ಯಾರೂ ಹೇಳುವುದಿಲ್ಲ.

ಹಾಗೆಂದು ರೋಗ ಹುಡುಕಲು ಮೇಳಕ್ಕೆ ಹೋಗಬೇಡ. ಮುಖ ನೋಡಿ ರಕ್ತಹೀನತೆ ಅಳೆಯುತ್ತ ಕೂತರೆ ಸೊಲ್ಲು ತಪ್ಪುತ್ತದೆ, ಜನಕ್ಕೂ ತಿಳಿಯುತ್ತದೆ. ಕಣ್ಣಿಗೆ ಬಿದ್ದದ್ದು ಬೀಳಲಿ. ಒಂದೇ ಉಸಿರಿನಲ್ಲಿ ಸೊಲ್ಲು ಮುಗಿಸುತ್ತಿದ್ದವರು ನಡುವೆ ಉಸಿರು ಎಳೆಯುತ್ತಿದ್ದರೆ ಮರುದಿನ ಅವರ ಮನೆಯ ಮುಂದೆ ಹಾಯ್ದು, ಮಾತಾಡಿಸಿ, ಆಸ್ಪತ್ರೆಗೆ ಬರಹೇಳು. ಕುಷ್ಟಗಿ, ಯಲಬುರ್ಗಾ ಕಡೆ ಬೋರಿನ ನೀರಿನ ಫ್ಲೋರೈಡಿನಿಂದ ಬೆನ್ನು ಬಿಗಿದು ಚಕ್ಕಳಮಕ್ಕಳ ಕೂರಲಾಗದೆ ಕಂಬಕ್ಕೆ ಒರಗಿ ಪೇಟಿ ನುಡಿಸುವವರನ್ನು ನೋಡುತ್ತೀ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಎಂಬ ಮಿತಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುವ ಸಂಖ್ಯೆ. ಆ ನೀರು ಕುಡಿದು ಬೆಳೆದ ಬೆನ್ನು ಯಾವುದು ಎಂದು ಆ ಕಂಬದ ಹತ್ತಿರ ಗೊತ್ತಾಗುತ್ತದೆ.

ಭಜನೆಯ ನಡುವೆ, "ಮೇಡಮ್ಮರ, ಇದೊಂದು ರಿಪೋರ್ಟ್ ನೋಡ್ರಿ" ಎಂದು ಫೋನು ಚಾಚುವವರು ಬಂದೇ ಬರುತ್ತಾರೆ. ಸಿಡುಕಬೇಡ, ನೋಡಲೂ ಬೇಡ. "ಮಂಗಳಾರತಿ ಆಗ್ಲಿ ಯಪ್ಪಾ" ಎನ್ನು. ಮಂಗಳಾರತಿಯಾಗಿ ಫಳಾರ ಹಂಚುವಾಗ ಒಂದು ಮಗ್ಗುಲಿಗೆ ಕರೆದು ಕೇಳು. ಎಲ್ಲರ ನಡುವೆ ಯಾರ ರೋಗದ ಮಾತನ್ನೂ ಎತ್ತಬೇಡ, ನಿನ್ನ ವಾರ್ಡಿನಲ್ಲಿ ಮಲಗಿರುವವರು ಮೇಳದವರ ಬಂಧುಗಳಾಗಿದ್ದರಂತೂ ಬಾಯಿ ಬಿಡಲೇ ಬೇಡ. "ಅವ್ರಿಗೇನಾಗೇದ ಮೇಡಮ್" ಎಂಬ ಪ್ರಶ್ನೆಗೆ "ಹೋಗಿ ಮಾತಾಡಿಸಿಕೊಂಡು ಬರ್ರಿ" ಎಂಬುದೇ ಉತ್ತರ. ನಿನ್ನ ಬಾಯಿ ಭದ್ರವಿದೆಯೋ ಇಲ್ಲವೋ ಎಂಬುದನ್ನು ಹಳ್ಳಿ ಮೊದಲ ಕೆಲವು ತಿಂಗಳಲ್ಲೇ ತಿಳಿದುಕೊಂಡುಬಿಡುತ್ತದೆ.

ಶಾಲು ಹೊದಿಸಲು ಬಂದರೆ ಬೇಡವೆನ್ನು. ಮಂಡಳಿಯ ಅಧ್ಯಕ್ಷರಾಗಿರಿ ಎಂದರೆ ಕೈಮುಗಿ. ಮೈಕ್ ಸೆಟ್ ಕೊಡಿಸಿರಿ ಎಂದು ಕೇಳಿದರೆ, ಅದರ ಬದಲು ಪೇಟಿಯ ತಿದಿ ಹೊಲಿಸಿಕೊಡು, ತಬಲಾಕ್ಕೆ ಹೊಸ ಪುಡಿ ಕಟ್ಟಿಸಿಕೊಡು. ಎರೆಸೀಮೆಯ ಧೂಳು ಸುರದ ಪಟ್ಟಿಯ ಕೆಳಗೆ ಕೂತು ಪೇಟಿ ಬೇಗ ಕೆಡುತ್ತದೆ, ರಿಪೇರಿಗೆ ಯಾವಾಗಲೂ ದುಡ್ಡಿನ ಕೊರತೆ. ಮೈಕಿನ ವಿಷಯದಲ್ಲಿ ನಾನು ಹಟಮಾರಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು, ಆಸ್ಪತ್ರೆಯ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ ಎಂದು 2000ದ ನಿಯಮವೇ ಇದೆ. ಕಾನೂನಿನ ಮಾತು ಬಿಡು, ಮೈಕ್ ಬಂದ ದಿನ ಸೊಲ್ಲು ಹಿಡಿಯುವವರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದು ನಿಲ್ಲುತ್ತದೆ. ಹಾರ್ನಿನಲ್ಲಿ ಒಬ್ಬರ ದನಿ ಊರೆಲ್ಲ ಕೇಳುತ್ತದೆ, ಉಳಿದ ಹತ್ತು ಜನ ಬಾಯಿ ಆಡಿಸುತ್ತ ಕೂರುತ್ತಾರೆ.

ಸಪ್ತ ಭಜನೆಗೆ ಒಮ್ಮೆ ತಪ್ಪದೆ ಹೋಗು. ಏಳು ದಿನ ಏಳು ರಾತ್ರಿ ತಾಳ ನಿಲ್ಲಬಾರದು. ಸುತ್ತಲಿನ ಹಳ್ಳಿಗಳ ಮೇಳಗಳು ಪಾಳಿಯ ಮೇಲೆ ಬರುತ್ತವೆ. ಪಾಳಿ ಬದಲಾಗುವಾಗ ಕಣ್ಣಿಟ್ಟು ನೋಡು: ಒಳಗೆ ಬಂದವರು ಮೊದಲು ಕೂತು, ನಡೆದಿರುವ ಸೊಲ್ಲಿಗೇ ಸೇರಿಕೊಳ್ಳುತ್ತಾರೆ. ಅವರ ತಾಳ ಕೂತಿತು ಎನ್ನುವುದು ಗಟ್ಟಿಯಾದ ಮೇಲೇ ಹೊರಡುವವರು ಒಬ್ಬೊಬ್ಬರಾಗಿ ತಾಳ ಕೆಳಗಿಟ್ಟು ಏಳುತ್ತಾರೆ. ಎಂಟು ಗಂಟೆ ಹೊಡೆಯಿತೆಂದು ಬ್ಯಾಗು ಹೆಗಲಿಗೇರಿಸಿ, ಮುಂದಿನವರು ಬರುವ ಮೊದಲೇ ವಾರ್ಡಿನಿಂದ ನಡೆಯುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ಡ್ಯೂಟಿ ಒಪ್ಪಿಸುವಾಗ ತಪ್ಪಿದ ಒಂದು ಮಾತು ಎಷ್ಟು ಕೇಡು ಮಾಡಬಲ್ಲದೆಂದು ನಿನಗೆ ಯಾರೂ ಹೇಳಬೇಕಾಗಿಲ್ಲ. ಆ ಗುಡಿಯಲ್ಲಿ ಒಕ್ಕಲು ಮಕ್ಕಳು ಅದನ್ನು ಎಷ್ಟು ಸಲೀಸಾಗಿ ಮಾಡುತ್ತಾರೆ ನೋಡು.

ಇದಕ್ಕಿಂತ ಕಷ್ಟದ್ದೊಂದಿದೆ. ನಮ್ಮ ಕಡೆ ಮನೆಯಲ್ಲಿ ಸಾವಾದರೆ ಮೇಳದವರನ್ನು ಕರೆಯುತ್ತಾರೆ. ಶವವನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿ, ಮುಂದೆ ಜಮಖಾನ ಹಾಸಿ ಬೆಳಗಿನವರೆಗೆ ಪದ ಹೇಳುತ್ತಾರೆ. ಇವತ್ತಲ್ಲ ನಾಳೆ ನೀನು ಮಧ್ಯಾಹ್ನ ಆಸ್ಪತ್ರೆಯಲ್ಲಿ ನಾಡಿ ಹಿಡಿದು, ಕಣ್ಣಿಗೆ ಟಾರ್ಚು ಹಾಕಿ, ಮುಗಿಯಿತೆಂದು ಸಹಿ ಮಾಡಿದವರ ಮನೆಗೇ ರಾತ್ರಿ ನಿನ್ನ ಮೇಳಕ್ಕೆ ಕರೆ ಬರುತ್ತದೆ. ಹೋಗಬೇಕೋ ಬೇಡವೋ ಎಂದು ಕಾಲು ಹಿಂಜರಿಯುತ್ತದೆ. ಹೋಗು. ಮನೆಯವರಿಗೆ ಸಿಟ್ಟಿರಬಹುದು, ನಿನ್ನತ್ತ ನೋಡದೆ ಇರಬಹುದು. ಯಾವ ಮಾತ್ರೆ ಕೊಟ್ಟೆವು, ಯಾಕೆ ಉಳಿಯಲಿಲ್ಲ ಎಂದು ವಿವರಿಸಲು ಹೋಗಬೇಡ, ಅದು ಆಸ್ಪತ್ರೆಯಲ್ಲಿ ಆಡಿ ಮುಗಿಸಬೇಕಾದ ಮಾತು. ಹಿಂದಿನ ಸಾಲಿನಲ್ಲಿ ಕೂತು ಸೊಲ್ಲು ಹಿಡಿ. ನಡುರಾತ್ರಿ ಯಾರೋ ಚಹಾ ತಂದುಕೊಡುತ್ತಾರೆ. ಆ ಮನೆಯ ಹೆಣ್ಣುಮಗಳೇ ತಂದುಕೊಟ್ಟರೆ ಎರಡೂ ಕೈ ಚಾಚಿ ತಗೋ. ನಾನು ಹೀಗೆ ಕೂತ ರಾತ್ರಿಗಳು ಹಲವು. ಬೆಳಿಗ್ಗೆ ಮಣ್ಣು ಮುಗಿಸಿ ಬಂದು ಓಪಿಡಿಯ ಕುರ್ಚಿಯಲ್ಲಿ ಕೂತಾಗ ಕೈ ನಡುಗುತ್ತಿರಲಿಲ್ಲ. ಸತ್ತವರ ಲೆಕ್ಕವನ್ನು ಎದೆಯೊಳಗೆ ಒಬ್ಬರೇ ಇಟ್ಟುಕೊಂಡ ವೈದ್ಯರು ಕುಡಿತಕ್ಕೆ ಬಿದ್ದದ್ದನ್ನು, ರೋಗಿಗಳ ಮೇಲೆ ಹರಿಹಾಯುವ ಸ್ವಭಾವಕ್ಕೆ ತಿರುಗಿದ್ದನ್ನು ನಾನು ಕಂಡಿದ್ದೇನೆ. ನಿನಗೆ ಹಾಗಾಗಬಾರದು.

ನೀನು ಹೆಣ್ಣುಮಗಳು, ರಾತ್ರಿಯ ಮೇಳಗಳಲ್ಲಿ ಗಂಡಸರೇ ಹೆಚ್ಚು. ಹಾಗಾಗಿ ಮೊದಲು ಅಕ್ಕನ ಬಳಗಕ್ಕೋ ಮಹಿಳಾ ಭಜನಾ ಮಂಡಳಿಗೋ ಹೋಗು. ಗಂಗಾವತಿ, ಕನಕಗಿರಿ, ಆನೆಗೊಂದಿಯ ಕಡೆ ದಾಸರ ಪದ ಹಾಡುವ ಹೆಂಗಸರ ಮಂಡಳಿಗಳಿವೆ, ಸಂಜೆ ಕೂಡಿ ದೀಪ ಹಚ್ಚುವ ಹೊತ್ತಿಗೆ ಮುಗಿಸುತ್ತಾರೆ. ಸೋಬಾನ ಪದದ ಅಜ್ಜಿಯರನ್ನೂ ಬಿಡಬೇಡ. ಯಾವ ಮನೆಯ ಸೊಸೆಗೆ ತಿಂಗಳಾಗಿದೆ, ಯಾವ ಹುಡುಗಿಗೆ ಹದಿನೆಂಟಾಗುವ ಮೊದಲೇ ಮದುವೆ ಮಾತು ನಡೆದಿದೆ, ಯಾರು ಮುಟ್ಟು ವಿಪರೀತವಾಗಿ ಬಿಳಿಚಿಕೊಂಡಿದ್ದರೂ ನಾಚಿ ಬಾಯಿ ಬಿಡುತ್ತಿಲ್ಲ ಎಂಬುದು ಆಶಾ ಕಾರ್ಯಕರ್ತೆಯ ಪುಸ್ತಕಕ್ಕೆ ಬರುವ ಮೊದಲೇ ಆ ಅಜ್ಜಿಯರಿಗೆ ಗೊತ್ತಿರುತ್ತದೆ. ಜೊತೆಗೆ ಕೂತು ಹಾಡಿದ ಹುಡುಗಿಗೆ ಅವರು ತಾವಾಗಿಯೇ ಹೇಳುತ್ತಾರೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ರಿವಾಯತ್ ಪದ ಕೇಳಿಬಂದರೆ ನಿಂತು ಕೇಳು. ನಮ್ಮ ಹಳ್ಳಿಗಳಲ್ಲಿ ಆ ಹಬ್ಬ ಹಿಂದೂ ಮುಸಲ್ಮಾನರೆಲ್ಲ ಕೂಡಿ ಮಾಡುವುದು, ಪದಗಳೂ ಕನ್ನಡದವೇ. ನಿನ್ನ ವಾರ್ಡಿನಂತೆ ನಿನ್ನ ಹಾಡಿಗೂ ಎಲ್ಲ ಜಾತಿಯ ಬಾಗಿಲು ತೆರೆದಿರಲಿ. ಯಾವ ಮೇಳದಲ್ಲಾದರೂ ಇಂಥವರು ಕಟ್ಟೆ ಹತ್ತುವಂತಿಲ್ಲ ಎಂಬ ಮಾತು ಕಿವಿಗೆ ಬಿದ್ದರೆ, ಆ ಮೇಳ ನಿನ್ನದಲ್ಲ.

ವೈದ್ಯರದೇ ಸಂಗೀತ ತಂಡಗಳಿವೆ ಎಂದು ನೀನು ಓದಿರಬಹುದು. ಬರ್ಲಿನ್ನಿನ ವೈದ್ಯ ಸ್ಟೀಫನ್ ವಿಲ್ಲಿಚ್ 2007ರಲ್ಲಿ ಕಟ್ಟಿದ ವರ್ಲ್ಡ್ ಡಾಕ್ಟರ್ಸ್ ಆರ್ಕೆಸ್ಟ್ರಾದಲ್ಲಿ ಹಲವು ದೇಶದ ವೈದ್ಯರು ಸ್ವಂತ ಖರ್ಚಿನಲ್ಲಿ ಬಂದು ಸೇರಿ ನುಡಿಸುತ್ತಾರೆ, ಬಂದ ಹಣ ಆರೋಗ್ಯದ ಕೆಲಸಗಳಿಗೆ ಹೋಗುತ್ತದೆ. ದೊಡ್ಡ ಕೆಲಸ, ಗೌರವಿಸುತ್ತೇನೆ. ನಮ್ಮಲ್ಲೂ ಜುಲೈ 1ರ ವೈದ್ಯರ ದಿನದಂದು ಡಾಕ್ಟರುಗಳು ಕೂಡಿ ಹಾಡುತ್ತಾರೆ, ನೀನೂ ಹಾಡು. ಆದರೆ ಅಷ್ಟಕ್ಕೇ ನಿಲ್ಲಬೇಡ. ಹಗಲೆಲ್ಲ ವೈದ್ಯರ ನಡುವೆ ಇದ್ದು ರಾತ್ರಿಯೂ ವೈದ್ಯರ ನಡುವೆಯೇ ಹಾಡಿದರೆ ಊರು ನಮಗೆ ಓಪಿಡಿ ಚೀಟಿಯಾಗಿಯೇ ಉಳಿಯುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಜನವರಿಯ ಚಳಿಗೆ ಲಕ್ಷಗಟ್ಟಲೆ ಜನ ಸೇರುವಾಗ ನಿಮಗೆ ವೈದ್ಯಕೀಯ ಶಿಬಿರದ ಡ್ಯೂಟಿ ಹಾಕುತ್ತಾರಲ್ಲ, ಅದು ಮುಗಿದ ಮೇಲೆ ಏಪ್ರನ್ ಕಳಚಿಟ್ಟು ಹೋಗಿ ಯಾವುದಾದರೂ ಹಳ್ಳಿಯ ಮೇಳದ ಹಿಂದೆ ಕೂತುಕೋ.

ಹಿಂದೆ ಕೂತರೆ ಕಡಿಮೆಯಾಗುತ್ತೇವೆಂದು ತಿಳಿಯಬೇಡ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ತೊಂಬತ್ತಾರು ವರ್ಷ. ಏಳು ದಶಕಕ್ಕೂ ಹೆಚ್ಚು ಕಾಲ ತೊಗಲುಗೊಂಬೆ ಆಡಿಸಿದರು, ಹಲವು ದೇಶಗಳಿಗೂ ಹೋಗಿ ಬಂದರು. ತೊಗಲುಗೊಂಬೆ ಆಟದಲ್ಲಿ ಹಾಡುವವರು, ನುಡಿಸುವವರು, ಗೊಂಬೆ ಹಿಡಿಯುವವರು ಎಲ್ಲ ಪರದೆಯ ಹಿಂದೆ. ಮನೆಮಂದಿಯೇ ಮೇಳ. ಜನ ನೋಡುವುದು ರಾಮನನ್ನು, ಭೀಮನನ್ನು, ಆಡಿಸುವವರ ಮುಖವನ್ನಲ್ಲ. ಅಷ್ಟು ದೊಡ್ಡ ಕಲಾವಿದೆ ಬದುಕಿನ ಬಹುಪಾಲು ಪರದೆಯ ಹಿಂದೆ ಕೂತು ಹಾಡಿದರು ಎಂಬುದನ್ನು ನೆನೆದಾಗೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ. ಅವರ ಊರು ನಿನ್ನ ಹಾಸ್ಟೆಲ್ಲಿನಿಂದ ದೂರವಿಲ್ಲ.

ಹೊತ್ತಿನ ಮಾತು ಉಳಿಯಿತು. ದಿನಾ ಹಾಡಬೇಕಾಗಿಲ್ಲ. ತಿಂಗಳಿಗೆ ಒಂದು ಅಮಾವಾಸ್ಯೆ, ಸಾಧ್ಯವಾದರೆ ಇನ್ನೊಂದು ಸೋಮವಾರ. ಡ್ಯೂಟಿ ಪಟ್ಟಿ ಹಾಕುವ ಮೊದಲೇ ಆ ರಾತ್ರಿ ಬಿಟ್ಟುಕೊಡಿರೆಂದು ಜೊತೆಯವರನ್ನು ಕೇಳು, ಬದಲಿಗೆ ಅವರ ಹಬ್ಬದ ರಾತ್ರಿಗಳನ್ನು ನೀನು ತಗೋ. ಹಗಲು ರಾತ್ರಿ ಡ್ಯೂಟಿ ಮಾಡಿ ಕಣ್ಣು ಎಳೆಯುತ್ತಿದ್ದರೆ ಮೇಳಕ್ಕೆ ಹೋಗಬೇಡ, ಮಲಗು. ನಿದ್ದೆಗೆಟ್ಟ ವೈದ್ಯೆಯಿಂದ ರೋಗಿಗೆ ಅಪಾಯ, ಅದಕ್ಕೆ ಯಾವ ಭಜನೆಯೂ ಪರಿಹಾರವಲ್ಲ. ಹೋದ ದಿನ ಫೋನು ಸದ್ದಿಲ್ಲದೆ ಸೊಂಟದಲ್ಲಿರಲಿ, ಅದುರಿದರೆ ತಾಳ ಪಕ್ಕದವರಿಗೆ ಕೊಟ್ಟು ಏಳು. ಓದು ಕೆಡುತ್ತದೆಂಬ ಭಯ ನಿಮ್ಮಪ್ಪನಿಗಿದೆ, ನಾನು ಮಾತಾಡುತ್ತೇನೆ.

ಪಿಜಿ ಸೀಟು ಎಲ್ಲಿ ಸಿಗುತ್ತದೋ ಗೊತ್ತಿಲ್ಲ. ಕಲಬುರಗಿಯಾದರೆ ಕಡಕೋಳ ಮಡಿವಾಳಪ್ಪನವರ ತತ್ವಪದದ ಸೀಮೆ, ಹುಡುಕಬೇಕಾಗಿಲ್ಲ. ಮಂಗಳೂರು, ಕಾಸರಗೋಡಿನ ಕಡೆಯಾದರೆ ಅಲ್ಲಿ ಊರೂರಿಗೆ ಭಜನಾ ಮಂದಿರಗಳಿವೆ, ಅವರ ಧಾಟಿ ಬೇರೆ, ಕಲಿತುಕೋ. ಸೊಲ್ಲಾಪುರವಾದರೂ ಕನ್ನಡ ಪದ ಹೇಳುವವರು ಸಿಗುತ್ತಾರೆ. ಬೆಂಗಳೂರಾದರೆ ಸ್ವಲ್ಪ ತಿರುಗಬೇಕು, ಉತ್ತರ ಕರ್ನಾಟಕದ ಮಂದಿ ಇರುವ ಬಡಾವಣೆಯ ಮಠದಲ್ಲಿ ವಿಚಾರಿಸು. ಹಾಸ್ಟೆಲ್ಲಿಗೆ ಪೇಟಿ ಒಯ್ಯುವ ಗೋಜು ಬೇಡ, ಒಂದು ಜೊತೆ ತಾಳ ಸಾಕು, ಏಪ್ರನ್ನಿನ ಜೇಬಿನಲ್ಲಿ ಹಿಡಿಸುತ್ತವೆ. ಕುಷ್ಟಗಿಯ ಪೇಟಿಯನ್ನು ಮಾತ್ರ ಮಂಚದ ಕೆಳಗಿನಿಂದ ತೆಗೆಸಿ ನಿಮ್ಮ ಓಣಿಯ ಮೇಳಕ್ಕೆ ಕೊಡಿಸು. ಅವರ ಪೇಟಿಯ ಎರಡು ಸುರ ಕೆಟ್ಟು ವರ್ಷವಾಯಿತು, ಶ್ರಾವಣಕ್ಕೆ ಎರವಲು ತರುತ್ತಿದ್ದಾರೆ. ನಿನ್ನದು ಅಲ್ಲಿದ್ದರೆ ರಜೆಗೆ ಊರಿಗೆ ಹೋದಾಗ ನುಡಿಸಲು ನೀನು ಗುಡಿಗೇ ಹೋಗಬೇಕಾಗುತ್ತದೆ.